ಹಂಪು ಕಿತ್ತ ಸಂಜೆ

"ಸಾರ್, ಒಂದೇ ಒಂದು ಸಲ ಈ ರಸ್ತೆ ದಾಟಿ ತೋರಿಸಿ. ಆಮೇಲೆ ನಿಮ್ಮ ರೂಲ್ಸು ಹೇಳಿ."

ಸ್ಕೂಟರಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಿದ್ದಳು ಸೌಮ್ಯ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಯಾರದೋ ಅರ್ಧ ಹೊಲಿದ ರವಿಕೆ, ಕಣ್ಣಲ್ಲಿ ಬೆಂಕಿ. ಆ ಬೆಂಕಿಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಢಬ್ ಅಂದಿತು ಅಂದರೆ ನೀವು ನಂಬಲ್ಲ. ಬೇಡ ಬಿಡಿ. ಆದರೆ ಅವತ್ತು ಮಧ್ಯಾಹ್ನ ಕರೆಂಟು ಹೋಗಿದ್ದಂತೂ ನಿಜ.

ಇವಳಿಗೆ ಸೌಮ್ಯ ಅಂತ ಹೆಸರಿಟ್ಟವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಸ್ಕೂಟರಿನ ಮೇಲಿದ್ದವನು ಮುನೇಶ್. ಹೊಂಗನೂರಿನ ಹುಡುಗ, ನಗರಸಭೆಯಲ್ಲಿ ಗುತ್ತಿಗೆ ಮೇಲಿನ ಇಂಜಿನಿಯರ್. ಕೊರಳಲ್ಲಿ ನೀಲಿ ದಾರದ ಐಡಿ ಕಾರ್ಡು, ಮುಖದಲ್ಲಿ ಹೊಸ ಕೆಲಸದ ಭಯ.

"ಮೇಡಂ, ರಸ್ತೆಗೆ ಹಂಪು ಹಾಕೋಕೆ ಮೇಲಿಂದ ಮಂಜೂರಾತಿ ಬೇಕು. ನಾನು ಸುಮ್ನೆ ನೋಡ್ಕೊಂಡು ಹೋಗೋಕೆ ಬಂದಿದ್ದು."

"ಕೂತ್ಕೊಂಡು ಏನು ನೋಡ್ತೀರ? ದಾಟಿ ನೋಡಿ."

ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಮುನೇಶ್‌ಗೆ ಮರ್ಯಾದೆ ಪ್ರಶ್ನೆ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ರಸ್ತೆಗೆ ಇಳಿದ. ಎರಡು ಹೆಜ್ಜೆ ಇಟ್ಟಿರಬೇಕು... ಜಲ್ಲಿ ತುಂಬಿದ ಟಿಪ್ಪರೊಂದು ಯಮನ ಕೋಣನಿಗೆ ಟಾರ್ಪಾಲು ಹೊದಿಸಿದ ಹಾಗೆ ನುಗ್ಗಿ ಬಂತು.

ಸೌಮ್ಯ ಅವನ ಐಡಿ ಕಾರ್ಡಿನ ದಾರಕ್ಕೆ ಕೈಹಾಕಿ ಹಿಂದಕ್ಕೆ ಎಳೆದಳು. ಅವನು ನೇರ ಅವಳ ಹೆಗಲಿಗೆ ಬಂದು ಬಿದ್ದ. ಟಿಪ್ಪರಿನ ಗಾಳಿಗೆ ಅವಳ ಕೂದಲು ಅವನ ಮುಖಕ್ಕೆ ಹಾರಿತು.

"ಏನ್ ಸಾರ್, ಮಂಜೂರಾತಿ ಬಂತಾ?" ಅಂದಳು ಸೌಮ್ಯ.

ಮುನೇಶ್ ಕೊರಳಿನ ದಾರ ಸಡಿಲಿಸಿಕೊಂಡ. 'ಈ ಹುಡುಗಿ ನನ್ನ ಜೀವ ಉಳಿಸಿದಳಾ, ತೆಗೆದಳಾ...' ಅಂತ ಅವನಿಗೆ ಗೊತ್ತಾಗಲೇ ಇಲ್ಲ.

ಊರ ಹೆಸರು ನಾನು ಹೇಳಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ... ಈ ನಾಲ್ಕರ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಹೇಳಿದರೆ ನಾಳೆಯಿಂದ ನಮ್ಮ ಮನೆ ನಲ್ಲಿಯಲ್ಲಿ ನೀರು ಬರಲ್ಲ.

ಆ ರಸ್ತೆಯ ಕಥೆ ಮಾತ್ರ ಕೇಳಿ. ಬಿಡದಿ ಫ್ಯಾಕ್ಟರಿ ಶಿಫ್ಟಿನ ಬಸ್ಸು, ಜಲ್ಲಿ ಟಿಪ್ಪರು, ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಓಡುವ ಟೆಂಪೋ, ಭಾನುವಾರವಾದರೆ ಸಾವನದುರ್ಗಕ್ಕೆ ಹೊರಟ ಬೆಂಗಳೂರಿನ ಬೈಕುಗಳು. ನಮ್ಮ ಬೀದಿ ನಾಯಿಗಳು ಕೂಡ ಈ ಕಡೆ ಹುಟ್ಟಿದರೆ ಈ ಕಡೆಯೇ ಸಾಯುತ್ತಿದ್ದವು. ಆ ಕಡೆಯ ನಾಯಿಗಳನ್ನು ದೂರದಿಂದ ನೋಡಿ ಬಾಲ ಅಲ್ಲಾಡಿಸುತ್ತಿದ್ದವು, ಅಷ್ಟೇ.

ರಸ್ತೆಯ ಆಚೆ ಒಂದು ಪಾರ್ಕು. ಜೋಕಾಲಿ, ಜಾರುಬಂಡೆ, ವಾಕಿಂಗಿಗೆ ಕಲ್ಲಿನ ದಾರಿ, ಎಲ್ಲಾ ಇತ್ತು. ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗವೂ ಇತ್ತು. ಉದ್ಘಾಟನೆಗೆ ನಾಯಕರು ಡೇಟು ಕೊಟ್ಟಿರಲಿಲ್ಲ. ಕಾದು ಕಾದು ಜೋಕಾಲಿಗೆ ಬಳ್ಳಿ ಹಬ್ಬಿ, ಬಳ್ಳಿ ಹೂ ಬಿಟ್ಟು, ಹೂವು ಕಾಯಾಗಿತ್ತು. ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಿದ್ದರು.

ಸೌಮ್ಯಳ ತಾಯಿ ಅಂಬುಜಮ್ಮನಿಗೆ ಶುಗರ್ರು. ದಿನಾ ನಡೀಬೇಕು ಅಂದಿದ್ದರು ಡಾಕ್ಟರು. ಎಲ್ಲಿ ನಡೆಯೋದು? ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ಹಾಗೆ ನಡೆದ ದಾರಿಯನ್ನೆಲ್ಲ ಒಂದಕ್ಕೊಂದು ಸೇರಿಸಿದ್ದರೆ ಆ ತಾಯಿ ಕಾಶಿ ಮುಟ್ಟಿ ವಾಪಸ್ ಬಂದು ಮತ್ತೆ ಹೊರಟಿರುತ್ತಿದ್ದಳು.

"ಆ ಪಾರ್ಕಲ್ಲಿ ಒಂದ್ ಸುತ್ತು ಹಾಕ್ಬುಟ್ಟು ಬೆಂಚ್ ಮೇಲೆ ಒಸಿ ಕೂತ್ಕಬೇಕು ಕಣವ್ವ. ಅಷ್ಟೇ ನನ್ನಾಸೆ," ಅನ್ನುತ್ತಿದ್ದಳು.

ಆ ಆಸೆಗಾಗಿಯೇ ಸೌಮ್ಯ ಹೊಲಿಗೆ ಬಿಟ್ಟು ಅರ್ಜಿ ಹಿಡಿದು ನಗರಸಭೆಯ ಮೆಟ್ಟಿಲು ಸವೆಸಿದ್ದು. ಒಂದು ಹಂಪು, ಒಂದು ಬೀಗ ತೆಗೆಸುವುದು. ಕೇಳಿದ್ದು ಇಷ್ಟೇ.

ಟಿಪ್ಪರಿನಿಂದ ಪಾರಾದವನು ಮಾರನೇ ದಿನವೇ ರಸ್ತೆ ಅಳೆಯಲು ಬಂದ. ಆಮೇಲೆ ಮತ್ತೆ ಬಂದ. ಅವನು ಅಳೆದ ಅಳತೆಗೆ ಆ ರಸ್ತೆ ಬೆಂಗಳೂರು ದಾಟಿ ಹೋಗಬೇಕಿತ್ತು.

ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಹಮೀದಾಬಿ ಕಿಟಕಿಯಿಂದಲೇ ಕೇಳಿದಳು. "ಏನಮ್ಮಾ ಸೌಮ್ಯ, ನಿನ್ನ ಇಂಜಿನಿಯರ್ ರೋಡ್ ಅಳಿತಾನೋ, ನಿಮ್ಮನೆ ಬಾಗಿಲು ಅಳಿತಾನೋ?"

"ಸುಮ್ನಿರಿ ಹಮೀದಾಬಿ, ಅವರು ಸರ್ಕಾರಿ ಕೆಲಸದ ಮೇಲೆ ಬರ್ತಾರೆ."

"ಸರ್ಕಾರದವರು ಭಾನುವಾರ ಕೆಲಸ ಮಾಡಿದ್ದು ನಾನು ಇದೇ ಮೊದಲು ನೋಡ್ತಿರೋದು."

ಸೌಮ್ಯ ತಲೆ ಬಗ್ಗಿಸಿ ಮಿಷನ್ ತುಳಿದಳು. ಆ ದಿನ ಹೊಲಿದ ರವಿಕೆಗೆ ಮೂರನೇ ತೋಳು ಬಂತು ಅಂತ ಬೀದಿಯಲ್ಲಿ ಸುದ್ದಿ. ಸುದ್ದಿ ಹಬ್ಬಿಸಿದ್ದು ನಾನೇ.

ಮಂಜೂರಾತಿ ಬರಲೇ ಇಲ್ಲ. ಒಂದು ಬೆಳಿಗ್ಗೆ ಮುನೇಶ್ ಬೇರೆ ಕಡೆಯ ಕೆಲಸದಲ್ಲಿ ಮಿಕ್ಕಿದ ಟಾರು ತಂದು, ಮೇಲಿನವರಿಗೆ ಒಂದು ಮಾತೂ ಹೇಳದೆ, ಸೌಮ್ಯಳ ಮನೆ ಮುಂದೆ ಹಂಪು ಹಾಕಿಸಿಬಿಟ್ಟ. ಬೇರೆ ಹುಡುಗರು ಗುಲಾಬಿ ಕೊಡುತ್ತಾರೆ. ಇವನು ಹಂಪು ಕೊಟ್ಟ. ಬಿಳಿ ಪಟ್ಟೆ ಬಳಿದ, ಎಮ್ಮೆ ಬೆನ್ನಿನಷ್ಟು ದಪ್ಪದ ಹಂಪು.

"ಕೆಲಸಕ್ಕೆ ಕುತ್ತು ಬಂದ್ರೆ?" ಕೇಳಿದಳು ಸೌಮ್ಯ.

"ಬಂದ್ರೆ ಬರ್ಲಿ. ನಿಮ್ಮವ್ವ ರಸ್ತೆ ದಾಟ್ಬೇಕು."

ಅವಳ ಕಣ್ಣು ತುಂಬಿ ಬಂತು. 'ಇಷ್ಟು ವರ್ಷದಲ್ಲಿ ನಮ್ಮವ್ವನ ಆಸೇನ ಇನ್ನೊಬ್ಬರು ನೆನಪಿಟ್ಟುಕೊಂಡಿದ್ದು ಇದೇ ಮೊದಲು...' ಪ್ರೀತಿ ಅಂತ ಬಾಯಿಬಿಟ್ಟು ಇಬ್ಬರೂ ಹೇಳಲಿಲ್ಲ. ಟೆಂಪೋಗಳು ಹಂಪಿನ ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಅಂಬುಜಮ್ಮ ದಿನಾ ರಸ್ತೆ ದಾಟಿ, ಪಾರ್ಕಿನ ಬೀಗ ಮುಟ್ಟಿ ವಾಪಸ್ ಬರುತ್ತಿದ್ದಳು.

ಇಲ್ಲಿಗೆ ಕಥೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು...

ವಾರ್ಡಿನ ಕುಂದುಕೊರತೆ ಸಭೆ ಕರೆದರು. ಪಾರ್ಕಿನ ಬೀಗ ಯಾವಾಗ ತೆಗೀತೀರಿ ಅಂತ ಸೌಮ್ಯ ಎದ್ದು ನಿಂತು ಕೇಳಿದಳು. ನಾಯಕರ ಡೇಟು ಸಿಗುತ್ತಿಲ್ಲ ಅಂದರು ನಗರಸಭೆಯ ದೊಡ್ಡ ಸಾಹೇಬರು.

"ಏನಾದ್ರೂ ಮಾಡಿ ಕರ್ಕೊಂಡು ಬನ್ನಿ ಸಾರ್. ನಾವು ಹೂವಿನ ದಾರಿ ಹಾಸಿ ಕಾಯ್ತೀವಿ."

ಜನ ಚಪ್ಪಾಳೆ ತಟ್ಟಿದರು. ಮುನೇಶ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಡೇಟು ಸಿಕ್ಕಿತು.

ಉದ್ಘಾಟನೆಯ ಹಿಂದಿನ ಸಂಜೆ ದೊಡ್ಡ ಸಾಹೇಬರು ಮುನೇಶ್‌ನನ್ನು ಕರೆದರು. "ಲೋ, ಆ ಹಂಪು ಯಾರು ಹಾಕಿದ್ದು ಅಂತ ನಾನು ಕೇಳಲ್ಲ. ನಾಳೆ ಸಾಲಾಗಿ ಕಾರು ಬರ್ತವೆ. ನಾಯಕರಿಗೆ ಸೊಂಟ ನೋವು. ಕಾರು ಒಂದೇ ಒಂದು ಸಲ ಎತ್ತಾಕಿದ್ರೂ ನಿನ್ನ ಗುತ್ತಿಗೆ ಮುಗೀತು. ನಾಡಿದ್ದು ಬೇಕಾದ್ರೆ ವಾಪಸ್ ಹಾಕ್ಕೋ."

ನಾಡಿದ್ದು. ಎಂಥಾ ಸುಲಭದ ಮಾತು ನೋಡಿ.

ಮುನೇಶ್ ರಸ್ತೆ ಅಗೆಯುವ ಮಿಷನ್ ತಂದ. ತಾನು ಹಾಕಿದ ಹಂಪನ್ನು ತಾನೇ ನಿಂತು ಕೀಳಿಸಿದ. ಸೌಮ್ಯಳ ಮನೆಯ ಕಡೆ ಒಂದು ಸಲವೂ ತಲೆ ಎತ್ತಲಿಲ್ಲ.

ಆದರೆ ಸೌಮ್ಯ ಕಿಟಕಿಯಲ್ಲೇ ಇದ್ದಳು. ನೋಡಿದಳು. ಓಡಿ ಹೋಗಿ ತಡೆಯಬೇಕು ಅನ್ನಿಸಿತು. 'ತಡೆದರೆ ನಾಳೆ ನಾಯಕರು ಬರದೇ ಹೋದರೆ? ಅವ್ವ ಪಾರ್ಕು ನೋಡೋದು ಯಾವಾಗ? ಒಂದು ದಿನ ತಾನೆ...' ಮೆಲ್ಲಗೆ ಕಿಟಕಿ ಮುಚ್ಚಿಕೊಂಡಳು.

ಅವಳು ನೋಡಿದ್ದು ಅವನಿಗೆ ಗೊತ್ತಾಗಲಿಲ್ಲ.

ಮಾರನೇ ದಿನ ನಾಯಕರು ಬಂದರು. ನೆಕ್ಕಿದ ತಟ್ಟೆಯಂಥ ರಸ್ತೆಯಲ್ಲಿ ಕಾರುಗಳು ಜಾರಿಕೊಂಡು ಬಂದವು. ರಿಬ್ಬನ್ನು ಕತ್ತರಿಸಿದರು, ಜೋಕಾಲಿಗೆ ಕೈ ಮುಗಿದರು, ಟೀ ಆರುವುದರೊಳಗೆ ಹೊರಟೂಹೋದರು.

ಮಾರನೇ ಬೆಳಿಗ್ಗೆ ಅಂಬುಜಮ್ಮ ಬೇಗ ಎದ್ದು, ಹೊಸ ಸೀರೆ ಉಟ್ಟು, ಮಗಳನ್ನು ಎಬ್ಬಿಸದೆ ಪಾರ್ಕಿಗೆ ಹೊರಟಳು. ಹಂಪಿದ್ದ ಜಾಗದಲ್ಲೇ ರಸ್ತೆಗೆ ಇಳಿದಳು. ಅಲ್ಲಿ ಎಲ್ಲರೂ ನಿಧಾನ ಮಾಡುತ್ತಾರೆ ಅಂತ ಅವಳ ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತು. ಕಣ್ಣೆತ್ತಿ ನೋಡಲೇ ಇಲ್ಲ.

ಗೂಡಿನ ಟೆಂಪೋ ಓಡಿಸುವ ಗಫಾರ್‌ನದೂ ಅದೇ ಅಭ್ಯಾಸ. ಹಂಪಿನ ಕಪ್ಪು ಬಿಳುಪು ಕಂಡಾಗ ಅವನ ಕಾಲು ತಾನೇ ಬ್ರೇಕಿಗೆ ಹೋಗುತ್ತಿತ್ತು. ಅವತ್ತು ಹಂಪು ಬರಲೇ ಇಲ್ಲ. ಅಂಬುಜಮ್ಮ ಬಂದಳು.

"ಇಲ್ಲಿ ಹಂಪ್ ಇತ್ತಲ್ಲಣ್ಣಾ... ಹಂಪ್ ಬಂದ್ರೆ ಸ್ಲೋ ಮಾಡವಾ ಅಂತಿದ್ದೆ... ಎಲ್ಲಿ ಹೋಯ್ತಣ್ಣಾ ಹಂಪು?" ಗಫಾರ್ ರಸ್ತೆ ಮಧ್ಯೆ ಕೂತು ಸಿಕ್ಕವರನ್ನೆಲ್ಲ ಕೇಳುತ್ತಿದ್ದ.

ಜೀವ ಉಳಿಯಿತು. ಸೊಂಟದ ಕೀಲು ಹೋಯಿತು. ಶುಗರ್ ಇರೋದ್ರಿಂದ ಇನ್ನು ಮೊದಲಿನ ಹಾಗೆ ನಡೆಯೋದು ಕಷ್ಟ ಅಂದರು ಡಾಕ್ಟರು.

ನಾನು ಎಲ್ಲದಕ್ಕೂ ಒಂದಕ್ಕೆ ಹತ್ತು ಸೇರಿಸಿ ಹೇಳುವವನು. ಇದಕ್ಕೆ ಸೇರಿಸೋದು ಏನೂ ಇಲ್ಲ.

ಆಸ್ಪತ್ರೆಯ ವರಾಂಡಕ್ಕೆ ಮುನೇಶ್ ಓಡಿ ಬಂದ. "ಸೌಮ್ಯಾ ಅವ್ರೇ, ಇವತ್ತೇ ವಾಪಸ್ ಹಾಕ್ಸೋಣ ಅಂತಿದ್ದೆ. ಟಾರು ಹೇಳಿದ್ದೆ..."

"ಹೊರಟು ಹೋಗಿ." ಅವಳ ದನಿ ತಣ್ಣಗಿತ್ತು. "ಗುತ್ತಿಗೆ ಉಳಿಸ್ಕೊಳೋಕೆ ನಮ್ಮವ್ವನ ಕಾಲು ಕಿತ್ಕೊಂಡ್ರಿ. ಇನ್ಮೇಲೆ ಆ ಮುಖ ತೋರಿಸ್ಬೇಡಿ ನನಗೆ."

ಅವನು ಬಂದ ದಾರಿಯಲ್ಲೇ ಹಿಂದಿರುಗಿದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೇಳದೇ ಬಿಟ್ಟಿದ್ದು ಒಂದಿತ್ತು, ಅಷ್ಟೇ. ಅದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

'ನಾನೂ ನೋಡಿದ್ದೆ... ನಾನೂ ಸುಮ್ಮನಿದ್ದೆ...' ತಾಯಿಗೆ ಅನ್ನ ತಿನ್ನಿಸುವಾಗ, ಬಟ್ಟೆ ಬದಲಿಸುವಾಗ, ಆ ಮುಳ್ಳು ಆಡುತ್ತಲೇ ಇತ್ತು.

ಬೀದಿಯವರು ಸುಮ್ಮನಿರಲಿಲ್ಲ. ಹಮೀದಾಬಿ ಮುಂದೆ ನಿಂತು, ಎಲ್ಲರೂ ಸೇರಿ ನಗರಸಭೆಗೆ ನುಗ್ಗಿದರು. ತಿಂಗಳೆರಡು ಕಳೆದ ಮೇಲೆ ಮತ್ತೆ ಸಭೆ. ದೊಡ್ಡ ಸಾಹೇಬರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಹೇಳಿದರು. "ಇದು ಒಬ್ಬ ಗುತ್ತಿಗೆ ಹುಡುಗನ ಬೇಜವಾಬ್ದಾರಿ. ಅನುಮತಿ ಇಲ್ಲದೆ ಹಂಪು ಹಾಕಿದ್ದೂ ಅವನೇ, ಕಿತ್ತಿದ್ದೂ ಅವನೇ. ಕೆಲಸದಿಂದ ತೆಗೆದಿದ್ದೀವಿ. ಮನೆಯವರು ಒಪ್ಪಿದರೆ ಪೊಲೀಸ್ ಕಂಪ್ಲೇಂಟೂ ಕೊಡ್ತೀವಿ."

ಹಿಂದಿನ ಬಾಗಿಲ ಹತ್ತಿರ ಮುನೇಶ್ ನಿಂತಿದ್ದ. ಕೊರಳಲ್ಲಿ ದಾರ ಇರಲಿಲ್ಲ. ಎಲ್ಲರ ಕಣ್ಣೂ ಸೌಮ್ಯಳ ಮೇಲೆ. ಹೂಂ ಅಂದರೆ ಸಾಕಿತ್ತು. ಅವನು ಒಳಗೆ, ಇವಳು ಪಾರು.

ಸೌಮ್ಯ ಎದ್ದಳು.

"ಕೀಳು ಅಂತ ಅವರಿಗೆ ಹೇಳಿದ್ದು ಯಾರು ಸಾರ್?"

ಸಾಹೇಬರು ಫ್ಯಾನು ನೋಡಿದರು.

"ಸರಿ, ಅದು ಬಿಡಿ. ನಾನೂ ಒಂದು ಹೇಳಬೇಕು. ಅವತ್ತು ಸಂಜೆ ಹಂಪು ಕೀಳ್ತಿರೋದನ್ನ ನಾನು ಕಿಟಕಿಯಿಂದ ನೋಡ್ದೆ. ತಡೀಬಹುದಿತ್ತು. ನಾಯಕರು ಬಂದು ಬೀಗ ತೆಗೆದ್ರೆ ಸಾಕು ಅಂತ ಕಿಟಕಿ ಮುಚ್ಕೊಂಡೆ. ನಮ್ಮವ್ವನಿಗೂ ಎಚ್ಚರ ಹೇಳಲಿಲ್ಲ." ಸಾಹೇಬರ ಕಡೆ ತಿರುಗಿದಳು. "ಕಂಪ್ಲೇಂಟಲ್ಲಿ ಅವರ ಹೆಸರು ಬರೀರಿ. ಕೆಳಗೆ ನನ್ನದು. ಮೇಲೆ ನಿಮ್ಮದು."

ಸಭೆಯಲ್ಲಿ ಸೂಜಿ ಬಿದ್ದಿದ್ದರೆ ಸಾವನದುರ್ಗದಲ್ಲಿ ಕೇಳಿಸುತ್ತಿತ್ತು. ಕಂಪ್ಲೇಂಟಿನ ಮಾತು ಅಲ್ಲಿಗೆ ನಿಂತುಹೋಯಿತು. ಹಂಪಿನ ಮಾತು 'ಪರಿಶೀಲಿಸಲಾಗುವುದು' ಅನ್ನುವಲ್ಲಿಗೆ ಹೋಗಿ ಮಲಗಿತು. ಮುನೇಶನ ಕೆಲಸ ವಾಪಸ್ ಬರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ಕಾದಿದ್ದ.

"ನಿಮಗೆ ಗೊತ್ತಿತ್ತಾ ಸೌಮ್ಯಾ?"

"ಗೊತ್ತಿತ್ತು."

"ಮತ್ತೆ ಆಸ್ಪತ್ರೇಲಿ ನನ್ನ ಹಂಗಂದ್ರಲ್ಲ..."

"ನನಗೆ ನಾನು ಅಂದ್ಕೋಬೇಕಾಗಿತ್ತು. ಧೈರ್ಯ ಬರಲಿಲ್ಲ. ನೀವು ಎದುರಿಗೆ ಸಿಕ್ಕಿದ್ರಿ."

ಅವನು ಮೆಟ್ಟಿಲ ಮೇಲೆ ಕೂತ. ಆಮೇಲೆ ಅಂದ, "ಇದನ್ನ ಆವತ್ತೇ ಹೇಳಿದ್ರೆ ನನಗೆ ಅರ್ಧ ರಾತ್ರಿಯಾದ್ರೂ ನಿದ್ದೆ ಬರ್ತಿತ್ತು."

"ಹೂಂ. ನನಗೂ."

ಕ್ಷಮಿಸಿ ಅಂತ ಇಬ್ಬರೂ ಹೇಳಲಿಲ್ಲ. ಆ ಮಾತಿಗೆ ಇಬ್ಬರ ಹತ್ತಿರವೂ ಮುಖ ಇರಲಿಲ್ಲ.

"ಅವ್ವ ಪಾರ್ಕಿಗೆ ಹೋಗ್ಬೇಕು ಅಂತಿದೆ. ವಾಕರ್ ಹಿಡ್ಕೊಂಡು," ಅಂದಳು ಸೌಮ್ಯ. "ಗಾಡಿ ತಡಿಯೋಕೆ ಜನ ಬೇಕು. ಬತ್ತೀರಾ?"

"ದಿನಾ ಬತ್ತೀನಿ."

"ಕೆಲಸ ಹುಡುಕ್ಕೊಳಲ್ವಾ?"

"ಹುಡುಕ್ತೀನಿ. ದಾಟಿಸಿ ಹೋಗಿ ಹುಡುಕ್ತೀನಿ."

ಸಂಜೆ ಒಂದು ಕಡೆ ಅವನು ನಿಂತ, ಇನ್ನೊಂದು ಕಡೆ ಅವಳು. ಕೈಯಡ್ಡ ಹಿಡಿದರು. ಬಸ್ಸುಗಳು ನಿಂತವು, ಟಿಪ್ಪರುಗಳು ಬುಸುಗುಟ್ಟಿದವು, ಹಾರನ್ನುಗಳು ರಾಮನಗರದ ಬೆಟ್ಟಗಳಿಗೆ ಬಡಿದು ವಾಪಸ್ ಬಂದವು. ಮಧ್ಯದಲ್ಲಿ ಅಂಬುಜಮ್ಮ, ಇಂಚಿಂಚಾಗಿ. ಹಂಪಿದ್ದ ಜಾಗಕ್ಕೆ ಬಂದು ನಿಂತೇಬಿಟ್ಟಳು.

"ಏನ್ಲಾ ಮುನೇಶ, ಹಂಪು ಕಿತ್ತೋನೂ ನೀನೇ, ಈಗ ಕೈ ಅಡ್ಡ ಹಿಡಿಯೋನೂ ನೀನೇ."

"ಹೂಂ ಕಣವ್ವ."

"ಸರಿಯಾಗಿ ಹಿಡಿ ಮತ್ತೆ. ನನಗೆ ಇನ್ನು ಓಡಕ್ಕಾಗಕಿಲ್ಲ."

ಅವಳು ಪಾರ್ಕಿನ ಬೆಂಚು ಮುಟ್ಟಿ ಕೂತಳು. ಒಂದು ಸುತ್ತು ಹಾಕುವ ಆಸೆ ಆಸೆಯಾಗಿಯೇ ಉಳಿಯಿತು. ಜೋಕಾಲಿಯ ಮೇಲಿದ್ದ ಮಕ್ಕಳನ್ನು ನೋಡುತ್ತಾ ಸುಮ್ಮನೆ ಕೂತಿದ್ದಳು.

ಗೇಟಿನ ಹತ್ತಿರ ಇಬ್ಬರೂ ನಿಂತರು.

"ಕೋಪ ಹೋಯ್ತಾ?" ಕೇಳಿದ ಮುನೇಶ್.

"ಇಲ್ಲ."

"ಯಾವಾಗ ಹೋಗ್ತದೆ?"

ಸೌಮ್ಯ ತಾಯಿಯ ಕಡೆಯೇ ನೋಡುತ್ತಿದ್ದಳು. "ಹೋಗಲ್ಲ ಅನ್ಸುತ್ತೆ. ಇರ್ಲಿ ಬಿಡಿ ಅದು." ಅವನ ಕೈ ಹಿಡಿದುಕೊಂಡಳು. "ನೀವೂ ಇರಿ."