ಕಂಬ ಬಿಡ್ರಿ!

"ಕಂಬ ಬಿಡ್ರಿ! ಬಿಡ್ರಿ ಅಂತೀನಿ!"

ಬಾಗೂರಿನ ಮದುವೆ ಊಟದ ನಡುವೆ ಬೈಕು ಬಿಸಾಕಿ ಓಡಿಬಂದಿದ್ದ ಆ ಅಪರಿಚಿತ. ನೀಲಿ ಯೂನಿಫಾರ್ಮು, ಕೆದರಿದ ಕೂದಲು... ಕೈಯಲ್ಲಿ ಚಾಕು!

ಫರೀಹಾ ಬಿಡಲಿಲ್ಲ. ಶಾಮಿಯಾನದ ಕಬ್ಬಿಣದ ಕಂಬವನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡಳು. ಗಾಳಿ ಎದ್ದರೆ ಶಾಮಿಯಾನದವರು ಮಾಡುವುದೇ ಅದು, ಆಳಿಗೊಂದು ಕಂಬ ಹಿಡಿದು ಜೋತುಬೀಳುವುದು. ಹೊಸದುರ್ಗದ ಶಾಮಿಯಾನ ಅಂಗಡಿಯ ಮಹಮ್ಮದ್ ಗೌಸ್ ಸಾಹೇಬರ ಮಗಳಿಗೆ ಅಷ್ಟೂ ಗೊತ್ತಿಲ್ಲದಿದ್ದರೆ ಹೇಗೆ?

"ನೀವ್ಯಾರ್ರೀ ಹೇಳೋಕೆ?"

"ಆ ಮೋಡ ನೋಡ್ರಿ! ಕುಸೀತೈತೆ!" ಎಂದವನೇ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿಯೇಬಿಟ್ಟ. "ಎಲ್ರೂ ಶಾಲೆ ಒಳಕ್ಕೆ ಹೋಗ್ರಿ! ಮರದ ಕೆಳಗೆ ಯಾರೂ ನಿಲ್ಲಬ್ಯಾಡ್ರಿ!"

ಶಾಮಿಯಾನದ ಹೊಸ ಕೆಂಪು ಬಟ್ಟೆ ಪಾಯಸದ ಕೊಳಗದ ಮೇಲೆ ಬಿತ್ತು. ಜನ ಎಲೆ ಬಿಟ್ಟು ಓಡಿದರು. ಮದುಮಗಳ ಅಜ್ಜಿ ತಿಪ್ಪಮ್ಮ ಅರ್ಧ ಹೋಳಿಗೆ ಕೈಯಲ್ಲೇ ಹಿಡಿದುಕೊಂಡು ಶಾಲೆ ಸೇರಿದಳು.

ಆಮೇಲೆ...?

ಆಮೇಲೆ ಏನೂ ಆಗಲಿಲ್ಲ! ನಾಲ್ಕು ಹನಿ ಉದುರಿ, ಬಿಸಿಲು ಬಂತು.

ಸಿಟ್ಟು ಬರದೆ ಇರುತ್ತದೆಯೇ? ಫರೀಹಾಳಿಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ.

"ತಲೆ ನೆಟ್ಟಗೈತಾ ನಿಮಗೆ? ಎಲ್ಲಿ ನಿಮ್ಮ ಗಾಳಿ? ತೋರಿಸ್ರಿ!"

ಅವನು ಕೆರೆಯಾಚೆ ನೋಡುತ್ತಿದ್ದ. "ಆ ಕಡೆ ಬಿತ್ತು..." ಎಂದ ಮೆಲ್ಲಗೆ.

"ಹಂಗಾದ್ರೆ ಆ ಕಡೆ ಹೋಗಿ ಹಗ್ಗ ಕತ್ತರಿಸಬೇಕಿತ್ತು!"

ಮರುದಿನದಿಂದ ಊರಿಗೊಂದು ಮಾತು ಸಿಕ್ಕಿತು. ಗೌಸ್ ಸಾಬರ ಶಾಮಿಯಾನ ಗಾಳಿ ಬರೋಕೆ ಮುಂಚೆಯೇ ಬೀಳುತ್ತಂತೆ! ಮೂವತ್ತು ವರ್ಷದ ಹೆಸರು, ಒಬ್ಬ ತಲೆಕೆಟ್ಟವನ ಚಾಕುವಿಗೆ ಹೋಯಿತು.

ನಾಲ್ಕು ದಿನ ಬಿಟ್ಟು ಆ ತಲೆಕೆಟ್ಟವನು ಅಂಗಡಿಗೇ ಬಂದ, ಹೊಸ ಹಗ್ಗದ ಸುರುಳಿ ಹೆಗಲ ಮೇಲೆ ಹಾಕಿಕೊಂಡು. ಹೆಸರು ತಾಬಿಶ್, ಊರು ಚಿತ್ರದುರ್ಗ. ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸ.

"ಪಾಯಸ ಹಾಳಾಗಿದ್ದಕ್ಕೆ ಮಾಫಿ ಕೇಳ್ತೀನಿ," ಎಂದ. "ಹಗ್ಗ ಕತ್ತರಿಸಿದ್ದಕ್ಕಲ್ಲ. ಇನ್ನೊಂದು ಸಲ ಅಂಥ ಮೋಡ ಕಂಡ್ರೆ ಮತ್ತೆ ಕತ್ತರಿಸ್ತೀನಿ."

'ಅಬ್ಬಬ್ಬಾ, ಎಷ್ಟು ಕೊಬ್ಬು!' ಎಂದುಕೊಂಡಳು. ಆದರೂ ಅವನ ಮಾತು ಕಿವಿಗೆ ಬೀಳುತ್ತಲೇ ಇತ್ತು.

"ಎತ್ತರದಿಂದ ಬಿಂದಿಗೆ ನೀರು ಸುರಿದ್ರೆ ನೆಲಕ್ಕೆ ಬಡಿದು ಸುತ್ತ ಚೆಲ್ಲುತ್ತಲ್ಲ... ಗುಡುಗು ಮೋಡದಿಂದ ಗಾಳಿ ಹಂಗೇ ಬೀಳುತ್ತೆ. ಸೆಕೆ ಇದ್ದಂಗೇ ಇದ್ದು, ಇದ್ದಕ್ಕಿದ್ದಂಗೆ ತಣ್ಣನೆ ಗಾಳಿ ಮುಖಕ್ಕೆ ಹೊಡೆದ್ರೆ ನಿಮಗಿರೋದು ಒಂದೆರಡು ನಿಮಿಷ. ಗಟ್ಟಿ ಕಟ್ಟಡಕ್ಕೆ ಓಡಬೇಕು. ಕಂಬ ಹಿಡಿದ್ರೆ... ಕಂಬದ ಜೊತೆ ಮನುಷ್ಯನೂ ಹೋಗ್ತಾನೆ."

ಅಷ್ಟರಲ್ಲಿ ಗೌಸ್ ಸಾಹೇಬರು ಒಳಗಿನಿಂದ ಬಂದರು. ತಾಬಿಶನ ಮುಖ ನೋಡಿದವರೇ ಬಿಳಿಚಿಕೊಂಡು ವಾಪಸ್ಸು ಹೋದರು.

"ನೋಡಿದ್ರಾ? ನಮ್ಮ ಅಬ್ಬಾಗೆ ನಿಮ್ಮ ಮುಖ ಕಂಡ್ರೇನೇ ಆಗಲ್ಲ. ಹೊರಡ್ರಿ!"

ಅವನು ಹಗ್ಗವನ್ನು ಬೆಂಚಿನ ಮೇಲಿಟ್ಟು ಹೊರಟುಹೋದ. ಫೋನ್ ನಂಬರಿನ ಚೀಟಿ ಅದರೊಳಗೆ ಸಿಕ್ಕಿಸಿದ್ದ. 'ಮೋಡದ ಬಗ್ಗೆ ಅನುಮಾನ ಬಂದ್ರೆ ಕೇಳ್ರಿ' ಎಂದು ಬರೆದಿತ್ತು. ಹರಿದು ಹಾಕಬೇಕೆಂದುಕೊಂಡಳು... ಹಾಕಲಿಲ್ಲ.

ಅವತ್ತು ಮಧ್ಯಾಹ್ನ ಪಾಯಸದ ಕಲೆ ಉಜ್ಜುತ್ತಾ ಅವನಿಗೆ ಸಹಸ್ರನಾಮಾರ್ಚನೆ ಮಾಡುತ್ತಿದ್ದಾಗ, ಹಳೇ ಕೆಲಸಗಾರ ನಾಗಣ್ಣ ತಡೆಯಲಾರದೆ ಬಾಯಿಬಿಟ್ಟ.

"ಆ ಹುಡುಗನ್ನ ಬೈಬ್ಯಾಡವ್ವ... ಅವನು ದಸ್ತಗೀರನ ಮಗ."

"ಯಾವ ದಸ್ತಗೀರ್?"

"ನಮ್ಮ ಜೊತೆ ಕಂಬ ನೆಡ್ತಿದ್ದ. ಧರ್ಮಪುರದ ಮದುವೇಲಿ ಗಾಳಿ ಎದ್ದಾಗ ನಿಮ್ಮಪ್ಪ, ಹಿಡ್ಕಳ್ರಿ, ಬಿಡಬ್ಯಾಡ್ರಿ ಅಂತ ಕೂಗಿದ್ರು. ಅವನು ಬಿಡಲಿಲ್ಲ. ಕಂಬದ ಸಮೇತ ಎತ್ತಿ ಒಗೀತು ಗಾಳಿ... ಮಣ್ಣು ಮಾಡಿ ಬಂದ್ವಿ. ನಿಮ್ಮಪ್ಪನ ಭುಜ ಮುರಿದಿದ್ದೂ ಅವತ್ತೇ."

ಕೈಯಲ್ಲಿದ್ದ ಬಟ್ಟೆ ಜಾರಿತು. ಲಾರಿಯಿಂದ ಬಿದ್ದು ಮುರಿಯಿತು ಎಂದಿದ್ದರು ಅಬ್ಬಾ! ಇಷ್ಟು ವರ್ಷ! ಅಂಥದ್ದಾದ ಮೇಲೂ ತನಗೆ ಕಂಬ ಹಿಡಿಯುವುದನ್ನೇ ಕಲಿಸಿದ್ದರಲ್ಲ! ಯಾರ ಮೇಲೆ ಸಿಟ್ಟಾಗಬೇಕು, ಎಲ್ಲಿಂದ ಶುರು ಮಾಡಬೇಕು?

ಹತ್ತಿರ ಸಿಕ್ಕಿದ್ದು ಚೀಟಿ. ಫೋನ್ ಮಾಡಿದಳು.

"ಯಾಕೆ ಹೇಳಲಿಲ್ಲ ನೀವು? ನನ್ನ ಕೈಲಿ ಅಷ್ಟು ಬೈಸಿಕೊಂಡ್ರಿ!"

"ಮಗಳ ಮುಂದೆ ಅಪ್ಪನ ಮೇಲೆ ದೂರು ಹೇಳೋಕೆ ಬಂದಿರಲಿಲ್ಲ. ಬಾಗೂರಲ್ಲಿ ನೀವು ಕಂಬ ತಬ್ಬಿಕೊಂಡಿದ್ದು ನೋಡಿದೆ... ನಮ್ಮಪ್ಪನೇ ಕಂಡ್ರು. ಅಷ್ಟೇ."

ಫರೀಹಾ ಅತ್ತಳು. ಅಳುತ್ತಲೇ ಬೈದಳು. ಆಮೇಲೆ ದಿನವೂ ಫೋನ್ ಮಾಡಿದಳು, ಮೋಡದ ಬಗ್ಗೆ ಅನುಮಾನ ಕೇಳಲು. ಆಕಾಶ ಸ್ವಚ್ಛವಾಗಿದ್ದ ದಿನವೂ!

ಅಪ್ಪನ ಮುಂದೆ ಮಾತ್ರ ಬಾಯಿ ಬರಲಿಲ್ಲ. ಸಿಟ್ಟು ಒಳಗೇ ಕುದಿಯುತ್ತಿತ್ತು.

ಮೂರು ವಾರದ ಮೇಲೆ ಹೊಳಲ್ಕೆರೆಯಲ್ಲೊಂದು ನಿಶ್ಚಿತಾರ್ಥ. ಈ ಸಲ ಅವಳು ಕಂಬ ನೆಡುವ ಮೊದಲೇ ಪಕ್ಕದ ಸಮುದಾಯ ಭವನದ ಬೀಗದ ಕೈ ಇಸಿದುಕೊಂಡಿದ್ದಳು.

ಮೂರು ಗಂಟೆ. ಉಸಿರುಕಟ್ಟುವ ಸೆಕೆ. ಪಶ್ಚಿಮಕ್ಕೆ ಮೋಡ ಮಸಿಯಾಗಿತ್ತು. ಗುಡುಗಿತು. ತಟ್ಟನೆ ತಣ್ಣನೆಯ ಗಾಳಿ ಕೆನ್ನೆಗೆ ಹೊಡೆಯಿತು. ಮೈದಾನದ ಆ ತುದಿಯಲ್ಲಿ ಧೂಳು ಗೋಡೆಯಂತೆ ಎದ್ದಿತ್ತು.

"ಕಂಬ ಹಿಡ್ಕಳ್ರೋ!" ಗೌಸ್ ಸಾಹೇಬರು ಕೂಗಿ, ಮುರಿದ ಭುಜದಲ್ಲೇ ನಡುಗಂಬಕ್ಕೆ ಜೋತುಬಿದ್ದರು. ಕೆಲಸಗಾರರೂ ಓಡಿದರು.

"ಕಂಬ ಬಿಡ್ರಿ!" ಫರೀಹಾ ಕಿರುಚಿದಳು. "ಎಲ್ರೂ ಭವನಕ್ಕೆ! ಕಿಟಕಿ ಹತ್ರ ಬ್ಯಾಡ, ಒಳಗೋಡೆ ಮಗ್ಗುಲಿಗೆ ಕುಂತ್ಕಳ್ರಿ!"

ಜನ ಓಡಿದರು. ಕೆಲಸಗಾರರು ಮಾತ್ರ ಯಜಮಾನರ ಮುಖ ನೋಡುತ್ತಾ ನಿಂತರು.

"ಹುಚ್ಚು ಹುಡುಗಿ! ಮತ್ತೆ ಊರು ನಗಬೇಕಾ?" ಎಂದರು ಗೌಸ್.

ಅವಳು ಹತ್ತಿರ ಹೋಗಿ ಅವರ ಕೈಮೇಲೆ ಕೈಯಿಟ್ಟಳು. ಕುದಿಯುತ್ತಿದ್ದದ್ದು ಉಕ್ಕಿತು.

"ಅಬ್ಬಾ... ದಸ್ತಗೀರ್ ಚಾಚಾಗೂ ಹಿಂಗೇ ಹೇಳಿದ್ರಾ?"

ಗೌಸ್ ಸಾಹೇಬರ ಬೆರಳು ಒಂದೊಂದಾಗಿ ಸಡಿಲವಾದವು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ಕೂಗಿದರು: "ಬಿಡ್ರೋ! ಬಟ್ಟೆ ಹೋದ್ರೆ ಹೋಗ್ಲಿ, ಓಡ್ರಿ!"

ನಾಗಣ್ಣ ಕೊನೆಯವನಾಗಿ ಒಳಬಂದು ಬಾಗಿಲು ಹಾಕಿದ. ಅದೇ ಕ್ಷಣ ಗಾಳಿ ನೆಲಕ್ಕೆ ಬಡಿಯಿತು. ಹತ್ತು ನಿಮಿಷ ಯಾರ ಮಾತೂ ಯಾರಿಗೂ ಕೇಳಲಿಲ್ಲ.

ಬಾಗಿಲು ತೆಗೆದಾಗ ಶಾಮಿಯಾನ ಇರಲಿಲ್ಲ. ಬೇವಿನ ಮರ ಅಡ್ಡಬಿದ್ದಿತ್ತು. ಅಬ್ಬಾ ಹಿಡಿದಿದ್ದ ಕಂಬ ರಸ್ತೆಯಾಚೆ ಟ್ರ್ಯಾಕ್ಟರಿನ ಸೀಟು ಸೀಳಿ ನಿಂತಿತ್ತು. ಒಬ್ಬರಿಗೂ ಒಂದು ಗೀರು ಕೂಡ ಬಿದ್ದಿರಲಿಲ್ಲ. ಗೌಸ್ ಸಾಹೇಬರು ಆ ಕಂಬವನ್ನೇ ನೋಡುತ್ತಾ ಮೆಟ್ಟಿಲ ಮೇಲೆ ಕುಸಿದು ಮಗುವಿನಂತೆ ಅತ್ತರು.

ಸಂಜೆಗೆ ಬೈಕಿನ ಸದ್ದು. ಕೆಸರು ಮೆತ್ತಿಕೊಂಡು ತಾಬಿಶ್ ಬಂದ.

"ಗಾಳೀಲಿ ಯಾಕ್ರೀ ಬಂದ್ರಿ? ಊರಿಗೆಲ್ಲ ಬುದ್ಧಿ ಹೇಳೋರು!" ಫರೀಹಾ ಗದರಿದಳು.

"ಆ ಮೋಡ ಹೊಳಲ್ಕೆರೆ ಮೇಲೆ ಬಿದ್ದಿದ್ದು ಗುಡ್ಡದಿಂದ್ಲೇ ಕಂಡೆ. ಗಾಳಿ ನಿಂತ ಮೇಲೇ ಹೊರಟೆ. ಅಲ್ಲೀವರೆಗೂ ಕಾದೆನಲ್ಲ... ನನ್ನ ಜನ್ಮದಲ್ಲಿ ಅಷ್ಟು ಕಷ್ಟ ಪಟ್ಟಿರಲಿಲ್ಲ."

ಗೌಸ್ ಸಾಹೇಬರು ಎದ್ದು ಬಂದು ಅವನ ಎರಡೂ ಕೈ ಹಿಡಿದರು. "ನಿಮ್ಮಪ್ಪನ್ನ ನಾನೇ..." ತಾಬಿಶ್ ಅವರನ್ನು ತಬ್ಬಿಕೊಂಡ. "ಇವತ್ತು ಬಿಟ್ರಲ್ಲ ಚಾಚಾ," ಎಂದ.

ಅವರು ಅತ್ತ ಹೋದ ಮೇಲೆ ಅವನು ಫರೀಹಾಳ ಕಡೆ ತಿರುಗಿದ.

"ಒಂದು ಮಾತು ಕೇಳ್ಲಾ? ಮೋಡದ್ದಲ್ಲ."

"ಕೇಳ್ರಿ."

"ನಮ್ಮ ನಿಕಾಹ್... ಗಟ್ಟಿ ಸೂರಿನ ಕೆಳಗೆ ಇಟ್ಕಳಾಣ?"

ಅವಳ ಕಣ್ಣು ತುಂಬಿತು. ಆದರೂ ಸಿಟ್ಟಿನ ಮುಖ ಬಿಡಲಿಲ್ಲ. "ಶಾಮಿಯಾನದೋರ ಮಗಳ ಮದುವೆ, ಶಾಮಿಯಾನ ಇಲ್ದಂಗೆ? ಊರು ನಗುತ್ತೆ ಕಣ್ರೀ!"

"ನಗಲಿ ಬಿಡ್ರಿ. ಬದುಕಿರೋರು ತಾನೆ ನಗೋದು?"

ಫರೀಹಾ ಅವನ ಕೆಸರು ತೋಳಿಗೆ ಹಣೆ ಆನಿಸಿದಳು. "ಪಾಯಸ ಮಾತ್ರ ಚೆಲ್ಲಬ್ಯಾಡ್ರಿ," ಎಂದಳು.