ಶಾಂತಲಾ ಸಹಿ ಮಾಡಿದ ಐದು ಹಾಳೆ

“ಬರೀ ಕೈಲಿ ಬಂದಿದೀರಲ್ರೀ! ನನ್ನ ಪೆಟ್ಟಿಗೆ ಎಲ್ಲಿ?” ಶಾಂತಲಾ ನಕ್ಕಳು.

ಪುನೀತ್ ನಗಲಿಲ್ಲ. ಯಲಹಂಕದ ಅವಳ ಪುಟ್ಟ ಅಂಗಡಿಗೆ ಚೀನಾದಿಂದ ಬರುವ ಕೇಕ್ ಅಚ್ಚುಗಳನ್ನು ಏರ್‌ಪೋರ್ಟಿನ ಕಸ್ಟಮ್ಸ್‌ನಿಂದ ಬಿಡಿಸಿಕೊಡುವುದು ಅವನ ಕೆಲಸ. ಪ್ರತಿ ಸಲವೂ ಕಾಗದ ಕೊಟ್ಟ ಮೇಲೆ ಹತ್ತು ನಿಮಿಷ ಹೆಚ್ಚಾಗಿಯೇ ನಿಲ್ಲುತ್ತಿದ್ದ. ಅವಳು ಗಾಜಿನ ಬೀರು ಒರೆಸುವ ನೆಪದಲ್ಲಿ ಅದರೊಳಗೆ ಮೂಡಿದ ಅವನ ಮುಖವನ್ನು ನೋಡುತ್ತಿದ್ದಳು.

ಇವತ್ತು ಅವನು ಕೌಂಟರಿನ ಮೇಲೆ ನಾಲ್ಕು ಹಾಳೆ ಇಟ್ಟ. ಮೇಲೆ ಅಂಗಡಿಯ ಹೆಸರು, ಕೆಳಗೆ ಅವಳ ಸಹಿ, ನಡುವೆ ಖಾಲಿ. ಪದೇ ಪದೇ ಓಡಾಡುವುದು ತಪ್ಪಲಿ ಎಂದು ಅವಳೇ ಅವನ ಆಫೀಸಿಗೆ ಕೊಟ್ಟಿದ್ದಳು.

“ಐದು ಕೊಟ್ಟಿದ್ದೆ.”

“ಇನ್ನೊಂದು ಕಸ್ಟಮ್ಸ್‌ನಲ್ಲಿದೆ. ನಮ್ಮ ಓನರ್ ಆವಲಪ್ಪ ಅದ್ರಲ್ಲಿ ಮಾಲಿನ ಬೆಲೆ ಅರ್ಧಕ್ಕಿಳಿಸಿ ಬರೆದಿದ್ದಾರೆ. ಸಿಕ್ಕಿಬಿತ್ತು. ನಾಳೆ ನಿಮಗೂ ನನಗೂ ವಿಚಾರಣೆ.”

ಒರೆಸುವ ಬಟ್ಟೆ ಅವಳ ಕೈಯಲ್ಲೇ ನಿಂತಿತು.

“ಸುಂಕ ಕಮ್ಮಿ ಆದ್ರೆ ಉಸಿರಾಡ್ತೀನಿ ಅಂದಿದ್ರಲ್ಲ, ಆ ಮಾತನ್ನ ಅವರಿಗೆ ಹೇಳಿದ್ದು ನಾನೇ.”

“ಯಾಕ್ರೀ?”

“ನೀವು ನಗ್ತಾ ಇರ್ಲಿ ಅಂತ.”

ಅವಳ ಫೋನ್ ಹೊಡೆದುಕೊಂಡಿತು. ಆವಲಪ್ಪನ ದನಿ ಬಲು ಮೆತ್ತಗಿತ್ತು. “ನೋಡಮ್ಮ, ಆ ಹುಡುಗನೇ ಬರೆದ ಅಂದ್ಬಿಡು. ನಿನ್ನ ಅಂಗಡಿ ಉಳಿಯುತ್ತೆ. ಇಲ್ದಿದ್ರೆ ಇಬ್ರೂ ಮುಳುಗ್ತೀರ.”

ಪುನೀತನಿಗೂ ಕೇಳಿಸಿತ್ತು. “ಹಾಗೇ ಹೇಳಿ. ನಾನೂ ಒಪ್ಕೋತೀನಿ.”

“ಸುಮ್ನಿರ್ರೀ. ಜೈಲಿಗೆ ಹೋಗೋಕೆ ಅಷ್ಟು ಆಸೇನಾ?” ಅವಳು ಫೋನ್ ಕಟ್ ಮಾಡಿದಳು.

ಮರುದಿನ ವಿಚಾರಣೆಯ ಕೋಣೆಯ ಹೊರಗೆ ಆವಲಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳತ್ತ ನೋಡಿ ಮುಗುಳ್ನಕ್ಕ. ಒಳಗೆ ಶಾಂತಲಾ ನಿಜವಾದ ಬಿಲ್ಲನ್ನು ಅಧಿಕಾರಿಯ ಮುಂದಿಟ್ಟಳು. ಖಾಲಿ ಹಾಳೆಗೆ ಸಹಿ ಹಾಕಿದ್ದು ತನ್ನ ತಪ್ಪು, ಬೆಲೆ ಬರೆದದ್ದು ಆವಲಪ್ಪ, ಪೂರ್ತಿ ಸುಂಕವನ್ನೂ ದಂಡವನ್ನೂ ಕಟ್ಟುತ್ತೇನೆ ಎಂದಳು.

“ಪುನೀತ್ ಬರೆದಿಲ್ಲ ಅಂತ ಇಷ್ಟು ಗಟ್ಟಿಯಾಗಿ ಹೇಳ್ತೀರಲ್ಲ, ಅವರು ನಿಮಗೇನಾಗ್ಬೇಕು?” ಅಧಿಕಾರಿ ಕೇಳಿದರು.

ಏನೂ ಇಲ್ಲ ಎಂದಿದ್ದರೆ ಸಾಕಿತ್ತು. ಶಾಂತಲಾ ಪಕ್ಕದಲ್ಲಿದ್ದ ಪುನೀತನನ್ನು ನೋಡಿದಳು.

“ಮದುವೆ ಆಗೋರು, ಸಾರ್.”

ಅವನು ಆ ಸುದ್ದಿ ಕೇಳಿದ್ದು ಅದೇ ಮೊದಲು. ಕಿವಿಯ ತುದಿ ಕೆಂಪಾಯಿತು.

ಅಧಿಕಾರಿ ಪೆನ್ನು ಎತ್ತಿ ಹಿಡಿದರು. “ಹಾಗಾದ್ರೆ ಇಬ್ರೂ ಸೇರಿ ಮಾಡಿದ್ದು ಅನ್ಸುತ್ತಲ್ಲಮ್ಮ. ಯೋಚ್ನೆ ಮಾಡಿ ಹೇಳಿ.”

ಮೇಜಿನ ಕೆಳಗೆ ಪುನೀತನ ಬೆರಳುಗಳು ಅವಳ ಕೈಯನ್ನು ಹುಡುಕಿದವು. ಮಂಜಿನಷ್ಟು ತಣ್ಣಗಿದ್ದವು. ಅವಳು ಬಿಗಿಯಾಗಿ ಹಿಡಿದುಕೊಂಡಳು.

“ಯೋಚ್ನೆ ಮಾಡೇ ಹೇಳಿದ್ದು ಸಾರ್. ಬರ್ಕೊಳ್ಳಿ.”