ಶಾಕವ್ವನ ಸೀರೆಯ ಲಂಗೋಟಿ

ಬಹಳ ಹಿಂದೆ, ಹುಲಿಗಳು ಮಾತಾಡುತ್ತಿದ್ದ, ಮನುಷ್ಯರಿಗೆ ಅದು ಅರ್ಥವೂ ಆಗುತ್ತಿದ್ದ ಕಾಲದಲ್ಲಿ, ಬೆಳ್ಳಿಮಡು ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬನಪ್ಪ ಅಂತ ಒಬ್ಬ ನೇಕಾರನಿದ್ದ. ಇನ್ನೂ ಪ್ರಾಯದ ಹುಡುಗ. ಆದರೆ ಅವನ ಕೈಗುಣ ಎಂಥದ್ದು ಅಂದರೆ, ಅರಸನ ಶಾಲು ಅವನ ಮಗ್ಗದಲ್ಲೇ ಆಗಬೇಕು, ರಾಣಿಯ ಸೀರೆಯೂ ಅವನ ಮಗ್ಗದಲ್ಲೇ ಆಗಬೇಕು.

ಬನಪ್ಪನಿಗೆ ಅಪ್ಪ ಇರಲಿಲ್ಲ. ಸಾಕಿ ಸಲಹಿದವಳು ಅವ್ವ ಶಾಕವ್ವ. ಸೊಸೆ ಚಂಪವ್ವ ಮನೆ ತುಂಬಿದ ದಿನದಿಂದ ಆ ಮುದುಕಿಗೆ ಒಂದೇ ಜಪ. "ನನಗೆ ಕಾಶಿ ಬೇಡ, ರಾಮೇಶ್ವರ ಬೇಡ. ಮೊಮ್ಮಗು ನನ್ನ ಮಡಿಲಲ್ಲಿ ಒಂದು ಸಲ ಉಚ್ಚೆ ಹೊಯ್ದರೆ ಸಾಕು ಕಣೋ ಬನಾ, ನೆಮ್ಮದಿಯಾಗಿ ಹೋಗ್ತೀನಿ" ಅನ್ನುತ್ತಿದ್ದಳು. ಚಂಪವ್ವ ಬಸಿರಾದಳು. ಅವಳಿಗೆ ಏಳು ತುಂಬುವಷ್ಟರಲ್ಲಿ ಮುದುಕಿಗೆ ಜ್ವರ ಬಂತು. ಇನ್ನೆರಡು ತಿಂಗಳು ಕಾಯಬಾರದಿತ್ತೇ? ಕಾಯಲಿಲ್ಲ, ಹೊರಟೇ ಹೋದಳು.

ಅವತ್ತು ಮಗ್ಗದ ಮೇಲೆ ಅರಸನ ಶಾಲು ಅರ್ಧಕ್ಕೆ ನಿಂತಿತ್ತು. ಬನಪ್ಪ ಅವ್ವನನ್ನು ಮಣ್ಣು ಮಾಡಿ ಬಂದವನೇ ಮಗ್ಗಕ್ಕೆ ಕೂತ. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಅವಳು ಉಟ್ಟು ಉಟ್ಟು ಮೆತ್ತಗಾಗಿದ್ದ ಹಳೇ ಹತ್ತಿ ಸೀರೆಯೊಂದನ್ನು ಮಾತ್ರ ಮಡಿಸಿ ಪೆಟ್ಟಿಗೆಯಲ್ಲಿಟ್ಟ. ದಿನಕ್ಕೊಂದು ಸಲ ಪೆಟ್ಟಿಗೆ ತೆರೆದು ಮೂಸಿ ನೋಡುವನು. ಅವ್ವನ ವಾಸನೆ ಹಾಗೇ ಇರುತ್ತಿತ್ತು. ಮತ್ತೆ ಮುಚ್ಚಿಡುವನು.

ಎರಡು ತಿಂಗಳಿಗೆ ಹೆಣ್ಣುಕೂಸು ಹುಟ್ಟಿತು. ಸೂಲಗಿತ್ತಿ ಕೆಂಚಜ್ಜಿ ಕೂಸಿಗೆ ಎರೆದು, ಸಾಂಬ್ರಾಣಿ ಹೊಗೆ ತೋರಿಸಿ, ಹೊರಗೆ ಬಂದು ಹೇಳಿದಳು:

"ಬನಪ್ಪಾ, ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು. ಬಾಳಿ ಬದುಕಿದವರ ಹಳೇ ಸೀರೆ ಹರಿದು ಲಂಗೋಟಿ ಮಾಡೋದು ನಮ್ಮ ರೂಢಿ. ನಿಮ್ಮವ್ವನ ಸೀರೆ ತಗೊಂಡು ಬಾ."

"ಅದೊಂದು ಆಗಲ್ಲ ಅಜ್ಜಿ. ಅವ್ವನದು ಅಂತ ನನ್ನ ಹತ್ರ ಇರೋದು ಅದೊಂದೇ. ಹರಿದು, ಉಚ್ಚೆ ಮಾಡಿಸಿ, ಒಗೆದುಬಿಟ್ಟರೆ ನನಗೆ ಏನು ಉಳೀತು? ನಾನು ಅರಸನ ನೇಕಾರ. ನನ್ನ ಮಗಳಿಗೆ ಹೊಸದೇ ನೇಯ್ತೀನಿ."

"ಸರಿ, ಮಾಡಿದ್ದುಣ್ಣೋ ಮಹಾರಾಯ" ಅಂದು ಕೆಂಚಜ್ಜಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಬನಪ್ಪ ಮೊದಲು ರೇಷ್ಮೆಯ ಲಂಗೋಟಿ ನೇಯ್ದ. ಕಟ್ಟಿದರು. ಕೂಸು ಕಾಲು ಝಾಡಿಸಿದ್ದೇ ತಡ, ಅದು ಜಾರಿ ತೊಟ್ಟಿಲ ಮೂಲೆ ಸೇರಿತು. ಎರಡನೆಯದಕ್ಕೆ ಜರಿಯಂಚು ಹಾಕಿದ. ಜರಿ ತೊಡೆಗೆ ಉಜ್ಜಿ ಕೆಂಪಗೆ ಬರೆ ಎದ್ದಿತು, ಕೂಸು ಸೂರು ಹಾರಿಹೋಗುವ ಹಾಗೆ ಕಿರುಚಿತು. ಮೂರನೆಯದನ್ನು ಹತ್ತಿಯಲ್ಲಿ, ಗಂಜಿ ಹಾಕಿ, ಗರಿಗರಿಯಾಗಿ ನೇಯ್ದ. ಮಗ್ಗದಿಂದ ಇಳಿದ ಗಂಜಿಬಟ್ಟೆ ನೀರು ಕುಡಿಯುತ್ತದೆಯೇ? ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಉಚ್ಚೆ ಮೇಲೆಯೇ ನಿಂತು, ಅಲ್ಲಿಂದ ಹರಿದು ಅಪ್ಪನ ಪಂಚೆಯೆಲ್ಲ ತೊಯ್ದುಹೋಯಿತು. ಪಾತ್ರೆ ಒರೆಸುವ ಹುಡುಗಿಗೂ ಗೊತ್ತಿರುವ ಈ ವಿಷಯ ಅರಸನ ನೇಕಾರನಿಗೆ ಗೊತ್ತಿರಲಿಲ್ಲ ನೋಡಿ! ಅವನು ನೇಯುವವನೇ ಹೊರತು ಒಗೆಯುವವನಲ್ಲ.

ಇದೇ ಸಮಯಕ್ಕೆ ಕಾದವನ ಹಾಗೆ ಬಂದ, ಬೆಂಗಾಡು ಗುಡ್ಡದ ಮಾಂತ್ರಿಕ ಶುಷ್ಕದತ್ತ. ಕಡ್ಡಿಯಂಥ ಆಳು, ತುಟಿಯೆಲ್ಲ ಬಿರುಕು. ಕೈಯಲ್ಲೊಂದು ಬಿಳೀ ಪೆಟ್ಟಿಗೆ.

"ಯಾಕಪ್ಪಾ ಇಷ್ಟು ಒದ್ದಾಟ? ಈ ಪೆಟ್ಟಿಗೆ ಬರಿದಾಗೋದಿಲ್ಲ. ಒಂದು ತೆಗಿ, ಕಟ್ಟು. ಆಮೇಲೆ ಬಿಚ್ಚಿ ಕಿಟಕಿಯಿಂದ ಬಿಸಾಕು. ಒಗೆಯೋದಿಲ್ಲ, ಒಣಗಿಸೋದಿಲ್ಲ. ನಿನ್ನ ಕೂಸು ಇನ್ನು ಅಳೋದೇ ಇಲ್ಲ" ಅಂದ. ಏನು ಕೊಡಬೇಕು ಅಂತ ಕೇಳಿದರೆ, "ಏನೂ ಬೇಡ" ಅಂದು ನಕ್ಕ.

ಅವನು ಹೇಳಿದ್ದು ನಿಜ. ಆ ಬಿಳೀ ಲಂಗೋಟಿ ಎಷ್ಟು ಹೊತ್ತಾದರೂ ತೇವವಾಗಲಿಲ್ಲ. ಬಿಸಾಕಿದರೆ ಕೊಕ್ಕರೆಯಂತೆ ಎದ್ದು ಗುಡ್ಡದ ಕಡೆ ಹಾರಿಹೋಗುತ್ತಿತ್ತು. ಅರಸನ ನೇಕಾರನೇ ಕಟ್ಟಿದ ಮೇಲೆ ಊರು ಬಿಟ್ಟೀತೇ? ಮನೆಮನೆಗೂ ಪೆಟ್ಟಿಗೆ ಬಂತು. ಎಂಟೇ ದಿನಕ್ಕೆ ಬೆಳ್ಳಿಮಡುವಿನಲ್ಲಿ ಒಂದು ಕೂಸಿನ ಅಳುವೂ ಕೇಳದಾಯಿತು.

ಮೊದಲು ಎಲ್ಲರಿಗೂ ಹಿತವಾಯಿತು. ಆಮೇಲೆ ಚಂಪವ್ವನಿಗೆ ಭಯವಾಯಿತು.

"ನೋಡ್ರಿ, ಇವಳು ಹಸಿವಾದ್ರೂ ಅಳಲ್ಲ. ನಾನು ಎತ್ತಿಕೊಂಡ್ರೆ ನನ್ನ ಮುಖ ನೋಡಲ್ಲ, ಸೂರು ನೋಡ್ತಾಳೆ. ಅವಳು ಅಳದೆ ನನ್ನ ಎದೇಲಿ ಹಾಲೂ ಇಳೀತಿಲ್ಲ. ನನಗೆ ಒಂದು ಸಲ ಅವಳ ಅಳು ಕೇಳಬೇಕು. ನಿದ್ದೆ ಕೆಟ್ಟರೂ ಕೆಡಲಿ, ಒಂದು ಸಲ ಕೇಳಬೇಕು" ಅಂತ ಗೋಳಾಡಿದಳು.

ಪೆಟ್ಟಿಗೆಯನ್ನು ಬೆಂಕಿಗೆ ಹಾಕಿದರು, ಸುಡಲಿಲ್ಲ. ಬರಿಮೈಯಲ್ಲಿ ಮಲಗಿಸಿದರು, ಕೂಸು ಅಳಲಿಲ್ಲ. ಕೆಂಚಜ್ಜಿ ಬಂದು ಕೂಸಿನ ನಾಲಿಗೆ ಮುಟ್ಟಿ ನೋಡಿದಳು. ಒಣಗಿತ್ತು.

"ಲಂಗೋಟಿ ಹೀರಿದ್ದು ಉಚ್ಚೆ ಅಲ್ಲ ಬನಪ್ಪಾ, ಇವಳ ಅಳುವನ್ನ. ಆ ಮಾಂತ್ರಿಕ ಬದುಕೋದೇ ಮಕ್ಕಳ ಅಳು ತಿಂದು. ಅಳೋ ಕೂಸಿಗೇ ಹಾಲು. ಬರೋ ಹುಣ್ಣಿಮೆಯೊಳಗೆ ಅಳು ವಾಪಸ್ ಬರದಿದ್ರೆ ಇವಳು ಬದುಕಲ್ಲ. ಹೋಗು. ಹೋಗುವಾಗ ನಿಮ್ಮವ್ವನ ಸೀರೆ ತಗೊಂಡು ಹೋಗು. ಒಣಗಿಸೋನ ಎದುರಿಗೆ ನಿಲ್ಲೋದು ನೂರು ಸಲ ನೆನೆದ ಬಟ್ಟೆ ಒಂದೇ."

ಹುಣ್ಣಿಮೆಗೆ ಮೂರು ದಿನವಿತ್ತು. ಬನಪ್ಪ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಮನಸ್ಸಿನಲ್ಲಿ ಮಾತ್ರ, 'ಹರಿಯೋದಿಲ್ಲ ಅವ್ವಾ, ಒಂದು ಎಳೆಯನ್ನೂ ಹರಿಯೋದಿಲ್ಲ' ಅಂದುಕೊಂಡ.

ಮೊದಲ ದಿನ ಗುಡ್ಡದ ಬುಡದಲ್ಲಿ ಒಂದು ಕಲ್ಲುಹುಲಿ ಅಡ್ಡ ಮಲಗಿತ್ತು. ಅದರ ಕಣ್ಣಿನ ತುಂಬ ಮಾಂತ್ರಿಕನ ಗುಡ್ಡದ ಬಿಸಿ ಧೂಳು.

"ಲೋ ನೇಕಾರಾ, ಕಣ್ಣು ಉರೀತಿದೆ. ಒರೆಸಿದರೆ ದಾರಿ ಬಿಡ್ತೀನಿ, ನೋಯಿಸಿದರೆ ನುಂಗ್ತೀನಿ" ಅಂತ ಗುರ್ ಅಂದಿತು. ಬನಪ್ಪ ಹೆಗಲ ಮೇಲಿದ್ದ ಹೊಸ ವಲ್ಲಿ ತೆಗೆದು ಮುಟ್ಟಿಸಿದ. "ಅಯ್ಯಯ್ಯಪ್ಪಾ! ಇದು ಬಟ್ಟೆಯೋ ಮುಳ್ಳುಬೇಲಿಯೋ?" ಅಂತ ಹುಲಿ ಬಾಯಿ ತೆರೆಯಿತು. ಬಾಯಿಯೊಳಗೆ ಒಂದು ಬಂಡಿ ಹೊಗುವಷ್ಟು ಜಾಗವಿತ್ತು.

ಬನಪ್ಪ ಸೀರೆಯನ್ನು ಬಿಡಿಸಿದ. ಹುಟ್ಟಿದಾಗಿನಿಂದ ಎಳೆ ಕೂಡಿಸಿದ ಕೈ ಅದು, ಎಂದೂ ಬಟ್ಟೆ ಹರಿದದ್ದಲ್ಲ. ಕಣ್ಣು ಮುಚ್ಚಿ ಎಳೆದ. ಪರ್ ಅಂತ ಒಂದು ತುಂಡು ಬಂತು. ಆ ಸದ್ದಿಗೆ ಅವನ ಎದೆಯೇ ಹರಿದ ಹಾಗಾಯಿತು. ಹುಲಿಯ ಕಣ್ಣು ಒರೆಸಿದ. "ಹಾ, ಹಾ" ಅಂತ ಹುಲಿ ಕಣ್ಣು ಮುಚ್ಚಿ ತೆರೆದು, ಆ ತುಂಡನ್ನು ತನ್ನ ಹತ್ತಿರವೇ ಇಟ್ಟುಕೊಂಡು ಪಕ್ಕಕ್ಕೆ ಸರಿಯಿತು.

ಎರಡನೇ ದಿನ ನಡುಗುಡ್ಡದಲ್ಲಿ ಒಂದು ಕಂದಕ ಬಂತು. ಅಂಚಿನಲ್ಲಿ ಎರಡು ತಲೆಯ ದೊಡ್ಡ ಹಕ್ಕಿ, ಗಂಡಭೇರುಂಡ, ಗೂಡಿನಲ್ಲಿ ಕೂತು ಜಗಳವಾಡುತ್ತಿತ್ತು.

"ಹಾರಿಬಂದ ಆ ಬಿಳೀ ಲಂಗೋಟೀನ ಮರಿಗೆ ಹೊದಿಸಬೇಡ ಅಂತ ನಾನು ಬಡ್ಕೊಂಡೆ" ಅಂತ ಎಡತಲೆ. "ಬಡ್ಕೊಂಡವಳು ಕಿತ್ತು ಬಿಸಾಡಬೇಕಿತ್ತು, ನಿನಗೂ ಕೊಕ್ಕಿಲ್ವಾ?" ಅಂತ ಬಲತಲೆ. ನಡುವೆ ಮರಿಯೊಂದು ಬಾಯಿ ತೆರೆದು, ಸದ್ದಿಲ್ಲದೆ, ಗಾಳಿಗೆ ನಡುಗುತ್ತಿತ್ತು.

"ಈ ಮರಿಗೆ ಬೆಚ್ಚಗೆ ಮಾಡಿದರೆ ಕಂದಕ ದಾಟಿಸ್ತೀವಿ" ಅಂತ ಆ ವಿಷಯಕ್ಕೆ ಮಾತ್ರ ಎರಡೂ ತಲೆ ಒಟ್ಟಿಗೆ ಹೇಳಿದವು. ಬನಪ್ಪನಿಗೆ ತನ್ನ ತೊಟ್ಟಿಲು ನೆನಪಾಯಿತು. ಈ ಸಲ ಕಣ್ಣು ಮುಚ್ಚಲಿಲ್ಲ. ಪರ್ ಅಂತ ಹರಿದು ಮರಿಗೆ ಸುತ್ತಿದ. ಮರಿಯ ನಡುಕ ನಿಂತಿತು. ಹಕ್ಕಿ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಗುಡ್ಡದ ನೆತ್ತಿಗೆ ಬಿಟ್ಟಿತು. ಅವನ ಕೈಯಲ್ಲಿ ಈಗ ಉಳಿದದ್ದು ಎರಡೇ ತುಂಡು. ಒಂದು ಅವ್ವನ ಸೆರಗು. ಇನ್ನೊಂದು ಕೂತಾಗ ಮಡಿಲ ಮೇಲೆ ಬರುತ್ತಿದ್ದ ಭಾಗ, ಎಲ್ಲಕ್ಕಿಂತ ಸವೆದದ್ದು.

ಮೂರನೇ ದಿನ, ಗುಡ್ಡದ ನೆತ್ತಿಯಲ್ಲಿ, ಬಿಳೀ ಲಂಗೋಟಿಗಳ ರಾಶಿ ಕೋಟೆಯಷ್ಟು ಎತ್ತರ ಬಿದ್ದಿತ್ತು. ಮೇಲೆ ಶುಷ್ಕದತ್ತ ಕೂತಿದ್ದ.

"ಎಲವೋ ನೇಕಾರಾ, ನಿನ್ನ ಮಗಳ ಅಳು ಇದರಲ್ಲೇ ಇದೆ. ಹುಡುಕಿಕೋ. ಒಂದೇ ಸಲ ಕೈ ಹಾಕಬೇಕು. ತಪ್ಪಿದರೆ ನೀನೂ ಒಣಗಿ ಕಡ್ಡಿಯಾಗ್ತೀಯ!"

ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ. ಸಾವಿರ ಎಳೆಯಲ್ಲಿ ಕೆಟ್ಟ ಒಂದು ಎಳೆಯನ್ನು ಹುಡುಕುವ ಬನಪ್ಪನ ಕಣ್ಣು ಅಲ್ಲಿ ಸೋತಿತು. ಮಗಳ ಅಳು ಹೇಗಿತ್ತು ಅಂತ ನೆನೆದುಕೊಂಡ. ನೆನಪಾಗಲಿಲ್ಲ. ಅವಳು ಅತ್ತಾಗಲೆಲ್ಲ ಅವನು ಮಗ್ಗದ ಸದ್ದು ಜೋರು ಮಾಡುತ್ತಿದ್ದನಲ್ಲ! ಸೂರ್ಯ ಇಳಿಯುತ್ತಿದ್ದ. ಏನೂ ತೋಚದೆ ಅವ್ವನ ಸೆರಗನ್ನು ಮುಖಕ್ಕೆ ಒತ್ತಿಕೊಂಡ.

ಅವ್ವನ ವಾಸನೆ ಬಂತು. ಜೊತೆಗೇ ಅವಳು ಇದೇ ಸೆರಗಿನಲ್ಲಿ ಅವನ ಮೂಗು ಒರೆಸಿದ್ದು, ಬೆವರು ಒರೆಸಿದ್ದು, ಇದರ ತುದಿಯಲ್ಲಿ ಬೆಲ್ಲ ಕಟ್ಟಿ ತಂದದ್ದು, ಎಲ್ಲ ಬಂತು. ಇನ್ನೆಂದೂ ಅವಳು ಬರುವುದಿಲ್ಲ ಅನ್ನುವುದೂ ಬಂತು. "ಅವ್ವಾ, ಒಂದೇ ಒಂದು ಸಲ ಬಂದು ಹೋಗಬಾರದಾ! ನಿನ್ನ ಮೊಮ್ಮಗಳನ್ನ ನಿನ್ನ ಕೈಗೆ ಕೊಡಬೇಕಿತ್ತು ಅವ್ವಾ!" ಅಂತ ಬನಪ್ಪ ಬಿದ್ದು ಬಿದ್ದು ಅತ್ತ. ಮಣ್ಣು ಮಾಡಿದ ದಿನ ಅಳಬೇಕಾದದ್ದನ್ನು, ಆಮೇಲಿನ ಒಂದೊಂದು ದಿನವೂ ಅಳಬೇಕಾದದ್ದನ್ನು, ಎಲ್ಲ ಒಟ್ಟಿಗೆ ಅತ್ತ. ಹಳೇ ಬಟ್ಟೆಯಲ್ಲವೇ, ಒಂದು ಹನಿಯನ್ನೂ ಕೆಳಗೆ ಬಿಡದೆ ಸೆರಗು ಕುಡಿಯಿತು. ಹಿಂಡಿದರೆ ನೀರು ಬರುವಷ್ಟು ಒದ್ದೆಯಾಯಿತು.

"ಏಯ್! ಏನದು? ಒದ್ದೆ! ತೆಗಿ, ಆ ಕಡೆ ತೆಗಿ!" ಅಂತ ಶುಷ್ಕದತ್ತ ಕಿರುಚಿ ಹಿಂದೆ ಸರಿದ. ಅವನ ಭಯ ನೋಡಿ ಬನಪ್ಪನಿಗೆ ಅರ್ಥವಾಯಿತು. ಹುಡುಕುವುದನ್ನು ಬಿಟ್ಟು, ಒದ್ದೆ ಸೆರಗನ್ನು ಬೀಸಿ ರಾಶಿಯ ಮೇಲೆ ಎಸೆದ.

ಒಂದು ಲಂಗೋಟಿ ನೆನೆಯಿತು. ಅದರಿಂದ ಇನ್ನೊಂದು, ಅದರಿಂದ ಹತ್ತು. ರಾಶಿಗೆ ರಾಶಿಯೇ ತೊಯ್ದು ಕರಗಿತು. ಒಳಗಿದ್ದ ಅಳುಗಳೆಲ್ಲ ಬಿಡುಗಡೆಯಾಗಿ, "ಉವ್ವೇ ಉವ್ವೇ" ಅನ್ನುತ್ತಾ ಗಿಣಿಗಳ ಹಿಂಡಿನಂತೆ ಊರಿನ ಕಡೆ ಹಾರಿದವು. ಒಂದೇ ಒಂದು ಅಳು ಮಾತ್ರ ಹಾರಲಿಲ್ಲ. ಅದು ಅಲ್ಲೇ ನೆಲದ ಮೇಲಿತ್ತು. ಬನಪ್ಪ ನೋಡಿದರೆ, ಮಾಂತ್ರಿಕನ ನಿಲುವಂಗಿಯೊಳಗೆ ಪುಟ್ಟ ಗಂಡುಕೂಸೊಂದು ಕೈಕಾಲು ಬಡಿಯುತ್ತಿತ್ತು. ಶುಷ್ಕದತ್ತನೇ ಕೂಸಾಗಿಬಿಟ್ಟಿದ್ದ. ತಿಂದ ಅಳು ಹೋದ ಮೇಲೆ ಉಳಿದದ್ದು ಅವನ ಸ್ವಂತದ ಅಳು. ಹಿಂದೆ ಎಂದೋ ಹೀಗೇ ಒದ್ದೆಯಲ್ಲಿ ಅತ್ತಿದ್ದನಂತೆ, ಯಾರೂ ಬರಲಿಲ್ಲವಂತೆ.

ಬನಪ್ಪನ ಕೈಯಲ್ಲಿದ್ದ ಒಣ ಬಟ್ಟೆ ಮಡಿಲಿನ ತುಂಡು ಒಂದೇ. ಅದನ್ನು ಮಗಳಿಗೆ ಅಂತ ಉಳಿಸಿದ್ದ. ಕೂಸು ಚಳಿಗೆ ನೀಲಿಯಾಗುತ್ತಿತ್ತು. "ಸಾಯಲಿ ಅತ್ತ" ಅನ್ನಬೇಕು ಅಂದುಕೊಂಡ. ಬಾಯಿ ಬರಲಿಲ್ಲ. "ಬಾರೋ ಅಯ್ಯಾ, ನಿನ್ನ ಹಣೆಬರಹವೇ" ಅಂತ ಎತ್ತಿ, ಮೂರು ಮೂಲೆಗೆ ಮಡಿಸಿ ಕಟ್ಟಿದ. ಕಟ್ಟಿದ್ದೇ ತಡ, ಪಾಪಿ, ತೋಯಿಸಿಬಿಟ್ಟ!

ಹೋಗುವಾಗಿನ ಮೂರು ದಿನದ ದಾರಿಯನ್ನು ಗಂಡಭೇರುಂಡ ಗಳಿಗೆಯಲ್ಲಿ ದಾಟಿಸಿತು. ದಾರಿಯಲ್ಲಿ ಹಕ್ಕಿ ಮರಿಯ ಹೊದಿಕೆಯನ್ನು ವಾಪಸ್ ಕೊಟ್ಟಿತು. ಮರಿ ಬೆಚ್ಚಗಾಗಿ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಗುಡ್ಡದ ಬುಡದಲ್ಲಿ ಇಳಿದಾಗ ಹುಲಿಯೂ ತನ್ನ ತುಂಡನ್ನು ತಂದು ಬನಪ್ಪನ ಪಾದದ ಹತ್ತಿರ ಇಟ್ಟಿತು. ಊರ ಬಾಗಿಲಿಗೆ ಬಂದರೆ ಮನೆಮನೆಯಲ್ಲೂ ಅಳುವೋ ಅಳು. ಕೇಳುತ್ತಾ ನಿಂತ ತಾಯಂದಿರು ನಗುತ್ತಿದ್ದರು. ಚಂಪವ್ವ ಬಾಗಿಲಲ್ಲೇ ಕೂತು ಮಗಳಿಗೆ ಹಾಲು ಕೊಡುತ್ತಿದ್ದಳು. ಅವಳ ರವಿಕೆಯೆಲ್ಲ ಒದ್ದೆ.

ಗಂಡುಕೂಸನ್ನು ಕೆಂಚಜ್ಜಿ ಕಸಿದುಕೊಂಡಳು. "ಊರಿಗೆಲ್ಲ ಮಕ್ಕಳನ್ನ ಹೆರಿಸಿದೆ, ನನ್ನ ಮಡಿಲು ಬರಿದಾಗೇ ಇತ್ತು. ಈ ಒಣಕಲು ನನಗಿರಲಿ" ಅಂದಳು.

"ಅಜ್ಜಿ, ಸೀರೆಯೆಲ್ಲ ಹಾಳಾಯ್ತು. ಮಗಳಿಗೆ ಉಳಿಸಿದ್ದನ್ನೂ ಇವನು ತೋಯಿಸಿದ" ಅಂತ ಬನಪ್ಪ ತಲೆ ತಗ್ಗಿಸಿದ.

"ಹಾಳಾಗೋದೇನು ಬಂತೋ ಮಂಕೇ? ಒಗೆದರೆ ಮತ್ತೆ ಬರುತ್ತೆ. ಅದಕ್ಕೇ ಅಲ್ವೇನೋ ಬಟ್ಟೆ ಇರೋದು!" ಅಂತ ಕೆಂಚಜ್ಜಿ ಒಂದು ಹಿಡಿ ಅಂಟುವಾಳದ ಕಾಯಿ ಅವನ ಕೈಗೇ ಕೊಟ್ಟಳು.

ಮರುದಿನ ಅರಸನ ನೇಕಾರ ಹೊಳೆಯ ಕಲ್ಲಿನ ಮೇಲೆ ಲಂಗೋಟಿ ಒಗೆದ. ಒಣಗಿದ ತುಂಡನ್ನು ಮೂಗಿಗೆ ಹಿಡಿದ. ಅವ್ವನ ವಾಸನೆ ಹೋಗಿತ್ತು, ಬರೀ ಬಿಸಿಲಿನ ವಾಸನೆ. ಮಗ್ಗುಲು ತಿರುಗಿಸಿ ಮೂಸಿದ, ಅಲ್ಲೂ ಇಲ್ಲ. ಸುಳ್ಳು ಯಾಕೆ ಹೇಳಲಿ, ಆ ಸಂಕಟ ಅವನಿಗೆ ಬದುಕಿರುವ ತನಕ ಇತ್ತು.

ಅಂದಿನಿಂದ ಬೆಳ್ಳಿಮಡುವಿನ ಅಂಗಳಗಳಲ್ಲಿ ಹಗ್ಗದ ತುಂಬ ಲಂಗೋಟಿಗಳು, ಮನೆಯ ತುಂಬ ಅಳು, ತಾಯಂದಿರಿಗೆ ಹಾಲು. ಹುಲಿ ಕಣ್ಣು ತಂಪಾಗಿ ಮಲಗಿತು, ಹಕ್ಕಿಯ ಎರಡೂ ತಲೆ ಜಗಳವಾಡಿಕೊಂಡು ಸುಖವಾಗಿದ್ದವು. ಎಲ್ಲರೂ ಚೆನ್ನಾಗಿದ್ದರು.

ಆದರೆ ಕತೆ ಮುಗಿಯುವುದು ಆ ಮರುದಿನದಲ್ಲೇ. ಬನಪ್ಪ ಮಡಿಲಿನ ತುಂಡನ್ನು ಮೂರು ಮೂಲೆಗೆ ಮಡಿಸಿ ಮಗಳಿಗೆ ಕಟ್ಟಿ ತೊಡೆಯ ಮೇಲೆ ಹಾಕಿಕೊಂಡ. ಅದು ಜಾರಲಿಲ್ಲ, ಚುಚ್ಚಲಿಲ್ಲ. ಕೂಸು ಅವನ ಮುಖವನ್ನೇ ನೋಡಿತು. ನೋಡುತ್ತಾ ನೋಡುತ್ತಾ ಬಟ್ಟೆ ಬೆಚ್ಚಗಾಯಿತು. ಹನಿಯೂ ಕೆಳಗೆ ಬೀಳಲಿಲ್ಲ. ಬನಪ್ಪ ಅದರ ಮೇಲೆ ಕೈಯಿಟ್ಟ. ಆಮೇಲೆ ಮೆಲ್ಲಗೆ ಹೇಳಿದ:

"ಅವ್ವಾ, ನಿನ್ನ ಮಡಿಲಿಗೇ ಹೊಯ್ದಳು ನೋಡು."